ಪಾಪದ ರಾಕ್ಷಸ

2025ರ ನವೆಂಬರಿನಲ್ಲಿ ಗಿಯೆರ್ಮೊ ಡೆಲ್ ಟೊರೊನ ‘ಫ್ರಾಂಕೆನ್‌ಸ್ಟೈನ್’ ನೆಟ್‌ಫ್ಲಿಕ್ಸಿಗೆ ಬಂದಾಗ ನಾವು ಏಳೆಂಟು ಜನ ಗೆಳೆಯನೊಬ್ಬನ ಮನೆಯಲ್ಲಿ ಸೇರಿ ನೋಡಿದೆವು. ಮುಗಿದ ಮೇಲೆ ಚಹಾ ಬಂತು. ಎಂ.ಎ. ಓದುತ್ತಿರುವ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡು, ‘ಪಾಪ ಸರ್, ಅವನದೇನು ತಪ್ಪು?’ ಎಂದಳು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಸಿಟ್ಟು ಬಂತು. ಅವಳ ಮೇಲೆ ಬಂದ ಸಿಟ್ಟಲ್ಲ ಅದು. ಮೂವತ್ತು ವರ್ಷಕ್ಕೂ ಮೇಲೆ ರಾಕ್ಷಸರ ಜೊತೆ ಸಂಸಾರ ಮಾಡಿದ ನಿರ್ದೇಶಕ ಕೊನೆಗೆ ನಮ್ಮ ಬಾಯಿಂದ ಹೊರಡಿಸಿದ್ದು ಈ ಒಂದು ‘ಪಾಪ’ವನ್ನೇ ಅಲ್ಲವೇ ಎಂದು.

ಕನ್ನಡದ ಈ ‘ಪಾಪ’ ವಿಚಿತ್ರವಾದ ಪದ. ಮಾಡಬಾರದ್ದನ್ನು ಮಾಡಿದರೆ ಅದು ಪಾಪ. ಅನುಭವಿಸಬಾರದ್ದನ್ನು ಅನುಭವಿಸಿದವನನ್ನು ಕಂಡರೂ ಬಾಯಿಂದ ಬರುವುದು ಪಾಪ. ನಮ್ಮ ಕಡೆ ಯಾರನ್ನಾದರೂ ‘ಪಾಪದವನು’ ಎಂದರೆ ಏನೂ ಅರಿಯದ ಸಾಧು ಎಂದರ್ಥ. ಅಪರಾಧವೂ ಕನಿಕರವೂ ಒಂದೇ ಪದದೊಳಗೆ ಒಂದಕ್ಕೊಂದು ತಾಗಿಕೊಂಡು ಕೂತಿವೆ. ಡೆಲ್ ಟೊರೊನ ಒಳ್ಳೆಯ ಸಿನಿಮಾಗಳಿಗೆ ಇದಕ್ಕಿಂತ ತಕ್ಕ ಪದ ನನಗೆ ಸಿಕ್ಕಿಲ್ಲ. ಅವನ ರಾಕ್ಷಸರು ಎರಡೂ ಅರ್ಥದಲ್ಲಿ ಪಾಪದವರಾಗಿದ್ದರು. ಈಚೆಗೆ ಒಂದೇ ಅರ್ಥ ಉಳಿದಿದೆ. ನನ್ನ ತಕರಾರು ಇಷ್ಟೇ. ಇದು ಸಣ್ಣ ತಕರಾರು ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಡೆಲ್ ಟೊರೊ ಬಗ್ಗೆ ಬರೆಯುವವರ ಜೇಬಿನಲ್ಲಿ ಒಂದು ಸಿದ್ಧ ವಾಕ್ಯ ಯಾವಾಗಲೂ ಇರುತ್ತದೆ: ‘ನಿಜವಾದ ರಾಕ್ಷಸ ಮನುಷ್ಯನೇ.’ ಹಾರರ್ ಸಿನಿಮಾ ನೋಡಿದೆ ಎಂದು ಹೇಳಿಕೊಳ್ಳಲು ಸಂಕೋಚಪಡುವ ನಮ್ಮಂಥ ಸಾಹಿತ್ಯದ ಮಂದಿಗೆ ಈ ವಾಕ್ಯ ತುಂಬಾ ಅನುಕೂಲ. ಇದನ್ನು ಹೇಳಿದ ಕೂಡಲೇ ದೆವ್ವದ ಸಿನಿಮಾ ಫ್ಯಾಸಿಸಂ ಕುರಿತ ಸಿನಿಮಾ ಆಗುತ್ತದೆ, ನಾವು ಹೆದರಿದ್ದು ಮುಚ್ಚಿಹೋಗುತ್ತದೆ, ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಬಹುದು. ನಾನೂ ಒಮ್ಮೆ ಕಾಲೇಜಿನ ಭಿತ್ತಿಪತ್ರಿಕೆಗೆ ‘ಪ್ಯಾನ್ಸ್ ಲ್ಯಾಬಿರಿಂತ್’ ಬಗ್ಗೆ ಬರೆಯುತ್ತಾ ಈ ವಾಕ್ಯದಿಂದಲೇ ಮುಗಿಸಿದ್ದೆ. ಈಗ ಓದಿದರೆ, ಸಿನಿಮಾವನ್ನು ಅರ್ಧ ಮಾತ್ರ ನೋಡಿದವನು ಬರೆದಂತಿದೆ.

1964ರಲ್ಲಿ ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಹುಟ್ಟಿದ ಈ ಮನುಷ್ಯನ ಮೊದಲ ಸಿನಿಮಾ ‘ಕ್ರೊನೊಸ್’ನಿಂದಲೇ ಹೊರಡೋಣ. ಹೆಸುಸ್ ಗ್ರಿಸ್ ಎಂಬ ಮುದುಕ ಹಳೆಯ ಸಾಮಾನುಗಳ ವ್ಯಾಪಾರಿ. ರಸವಿದ್ಯೆ ಬಲ್ಲವನೊಬ್ಬ ಶತಮಾನಗಳ ಹಿಂದೆ ಮಾಡಿಟ್ಟ, ಬಂಗಾರದ ಹುಳುವಿನಂಥ ಒಂದು ಯಂತ್ರ ಅವನ ಕೈಗೆ ಸಿಗುತ್ತದೆ. ಅದು ಮೈಗೆ ಕಚ್ಚಿಕೊಂಡರೆ ಯೌವನ ಮರಳುತ್ತದೆ, ಸಾವು ದೂರವಾಗುತ್ತದೆ, ಜೊತೆಗೆ ರಕ್ತದ ಬಾಯಾರಿಕೆಯೂ ಹತ್ತುತ್ತದೆ. ಹೊಸ ವರ್ಷದ ಪಾರ್ಟಿಯ ನಡುವೆ ಈ ಮರ್ಯಾದಸ್ಥ ಅಜ್ಜ ಶೌಚಾಲಯದ ನೆಲಕ್ಕೆ ಬಾಗಿ, ಯಾರದೋ ಮೂಗಿನಿಂದ ಬಿದ್ದ ರಕ್ತವನ್ನು ನೆಕ್ಕುತ್ತಾನೆ. ಆ ದೃಶ್ಯದಲ್ಲಿ ‘ಪಾಪ’ ಎನ್ನಿಸುತ್ತದೆ, ಅಸಹ್ಯವೂ ಆಗುತ್ತದೆ. ಎರಡರಲ್ಲಿ ಯಾವುದನ್ನೂ ಬಿಡಲು ಸಿನಿಮಾ ಒಪ್ಪುವುದಿಲ್ಲ. ಕೊನೆಯಲ್ಲಿ, ಗಾಯಗೊಂಡ ಮೊಮ್ಮಗಳ ಕೈಯ ರಕ್ತ ಕಂಡು ಅವನ ಬಾಯಾರಿಕೆ ಎದ್ದು ನಿಲ್ಲುತ್ತದೆ. ಸಿನಿಮಾದುದ್ದಕ್ಕೂ ಮೌನವಾಗಿದ್ದ ಆ ಮಗು ‘ಅಜ್ಜ’ ಎನ್ನುತ್ತದೆ. ಅವನು ಯಂತ್ರವನ್ನು ಒಡೆದುಹಾಕುತ್ತಾನೆ. ಅವನು ಒಳ್ಳೆಯವನೆಂದು ಮೊದಲೇ ಗೊತ್ತಿದ್ದರೆ ಈ ಕ್ಷಣಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಅವನು ಕುಡಿದೇಬಿಡಬಹುದು ಎಂಬ ಭಯ ನಮಗಿತ್ತು.

‘ದಿ ಡೆವಿಲ್ಸ್ ಬ್ಯಾಕ್‌ಬೋನ್’ (2001) ಸ್ಪೇನಿನ ಅಂತರ್ಯುದ್ಧ ಮುಗಿಯುತ್ತಿರುವ 1939ರ ಕತೆ. ಬಯಲಿನ ನಡುವೆ ಒಂದು ಅನಾಥಾಲಯ, ಅದರ ಅಂಗಳದಲ್ಲಿ ಸಿಡಿಯದೆ ನೆಲಕ್ಕೆ ನಾಟಿ ನಿಂತ ಒಂದು ಬಾಂಬು, ನೆಲಮಾಳಿಗೆಯ ನೀರಿನ ತೊಟ್ಟಿಯಲ್ಲಿ ಸಾಂತಿ ಎಂಬ ಹುಡುಗನ ಪ್ರೇತ. ಅವನ ಒಡೆದ ತಲೆಯಿಂದ ರಕ್ತ ನೀರೊಳಗಿನ ಹೊಗೆಯ ಹಾಗೆ ಮೇಲಕ್ಕೆ ತೇಲುತ್ತಲೇ ಇರುತ್ತದೆ. ಅವನನ್ನು ಆ ಗತಿಗೆ ತಂದವನು ಅಲ್ಲಿನ ಕೆಲಸಗಾರ ಹಸಿಂತೊ. ಪ್ರೇತ ಹೊಸ ಹುಡುಗ ಕಾರ್ಲೋಸ್‌ನ ಹತ್ತಿರ ನ್ಯಾಯ ಕೇಳುವುದಿಲ್ಲ, ಶಾಂತಿಯನ್ನೂ ಕೇಳುವುದಿಲ್ಲ. ಹಸಿಂತೊನನ್ನು ತಂದುಕೊಡು ಎನ್ನುತ್ತದೆ. ಕಾರ್ಲೋಸ್ ಮಾತು ಕೊಡುತ್ತಾನೆ. ಹುಡುಗರು ಕೋಲುಗಳನ್ನು ಚೂಪು ಮಾಡಿಕೊಂಡು ಹಸಿಂತೊನನ್ನು ಸುತ್ತುವರಿದು ಇರಿಯುತ್ತಾರೆ, ತೊಟ್ಟಿಗೆ ನೂಕುತ್ತಾರೆ. ಅವನು ಕದ್ದು ಸೊಂಟಕ್ಕೆ ಕಟ್ಟಿಕೊಂಡ ಬಂಗಾರವೇ ಅವನನ್ನು ಕೆಳಗೆಳೆಯುತ್ತದೆ. ತಳದಲ್ಲಿ ಸಾಂತಿ ತೋಳು ಚಾಚಿಕೊಂಡು ಕಾಯುತ್ತಿರುತ್ತಾನೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹಸಿಂತೊ ಕೂಡ ಒಂದು ಕಾಲಕ್ಕೆ ಅದೇ ಅನಾಥಾಲಯದಲ್ಲಿ ಬೆಳೆದ ಅನಾಥ. ಅವನನ್ನು ಕೊಂದವರು ಇಂದಿನ ಅನಾಥರು. ಸಾವಿನ ನಂತರ ಆ ಹುಡುಗರು ಕುಂಟುತ್ತಾ ಸುಡುವ ಬಯಲಿಗೆ ನಡೆದು ಹೋಗುತ್ತಾರೆ. ಅವರು ಮುಂದೆ ಏನಾಗುತ್ತಾರೆ? ಸಂತರೋ, ಹಸಿಂತೊಗಳೋ? ಸಿನಿಮಾ ಹೇಳುವುದಿಲ್ಲ. ಅನ್ಯಾಯಕ್ಕೊಳಗಾದವರು ಅನ್ಯಾಯ ಮಾಡಬಲ್ಲರು ಎನ್ನುವ ಈ ಅರಿವಿಗೆ ಹೋಲಿಸಿದರೆ ನಮ್ಮ ಸಿದ್ಧ ವಾಕ್ಯ ಎಷ್ಟು ತೆಳುವಾಗಿ ಕಾಣುತ್ತದೆ ನೋಡಿ. ನಿಜವಾದ ರಾಕ್ಷಸ ಮನುಷ್ಯನೇ ಹೌದು. ಆದರೆ ಯಾವ ಮನುಷ್ಯ? ಎದುರಿಗಿರುವವನೋ, ಕೋಲು ಚೂಪು ಮಾಡುತ್ತಿರುವವನೋ?

ಇನ್ನು ‘ಪ್ಯಾನ್ಸ್ ಲ್ಯಾಬಿರಿಂತ್’ (2006). ಈಗ 1944. ಯುದ್ಧ ಮುಗಿದು ಫ್ರಾಂಕೋ ಗೆದ್ದಾಗಿದೆ, ಕಾಡಿನಲ್ಲಿ ಅಳಿದುಳಿದ ಬಂಡುಕೋರರಿದ್ದಾರೆ. ಒಫೇಲಿಯಾ ಎಂಬ ಹುಡುಗಿ ಗರ್ಭಿಣಿ ತಾಯಿಯ ಜೊತೆ ಮಲತಂದೆ ಕ್ಯಾಪ್ಟನ್ ವಿದಾಲ್‌ನ ಠಾಣೆಗೆ ಬರುತ್ತಾಳೆ. ವಿದಾಲ್ ಎಂಥವನೆಂದು ತಿಳಿಯಲು ಒಂದೇ ದೃಶ್ಯ ಸಾಕು. ಮೊಲ ಬೇಟೆಗೆ ಬಂದೆವು ಎನ್ನುವ ತಂದೆ-ಮಗನನ್ನು ಬಂಡುಕೋರರೆಂದು ಶಂಕಿಸಿ, ಮಗನ ಮುಖವನ್ನು ಬಾಟಲಿಯಿಂದ ಜಜ್ಜಿ, ಇಬ್ಬರನ್ನೂ ಕೊಂದ ಮೇಲೆ ಚೀಲ ನೋಡುತ್ತಾನೆ. ಒಳಗೆ ಮೊಲ ಇರುತ್ತದೆ. ಅವನ ಮುಖದಲ್ಲಿ ಕಾಣುವುದು ಕಿರಿಕಿರಿ ಮಾತ್ರ.

ಇತ್ತ ಚಕ್ರವ್ಯೂಹದಂಥ ಹಳೆಯ ಕಲ್ಲುದಾರಿಯೊಳಗೆ ಆಡಿನ ಕೊಂಬು, ಆಡಿನ ಕಾಲಿನ ಫಾನ್ ಒಫೇಲಿಯಾಗೆ ‘ನೀನು ಪಾತಾಳದ ರಾಜಕುಮಾರಿ’ ಎಂದು ಹೇಳಿ ಮೂರು ಪರೀಕ್ಷೆ ಒಡ್ಡುತ್ತಾನೆ. ನಾವು ಸಾಮಾನ್ಯವಾಗಿ ಈ ಎರಡು ಲೋಕಗಳನ್ನು ಎದುರುಬದುರು ನಿಲ್ಲಿಸಿಬಿಡುತ್ತೇವೆ, ಅಲ್ಲಿ ಕ್ರೌರ್ಯ, ಇಲ್ಲಿ ಕಲ್ಪನೆ ಎಂದು. ಸಿನಿಮಾ ಹಾಗೆ ಮಾಡಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಅಂಗೈಯಲ್ಲಿ ಕಣ್ಣಿಟ್ಟುಕೊಳ್ಳುವ ಬಿಳುಚಿದ ಜೀವಿಯೊಂದು ತುಂಬಿದ ಊಟದ ಮೇಜಿನ ತುದಿಯಲ್ಲಿ ಕೂತಿದೆ. ಅತಿಥಿಗಳ ನಡುವೆ ವಿದಾಲ್ ಕೂರುವುದೂ ಹಾಗೆಯೇ, ಊರಿಗೆ ಪಡಿತರ ಕಡಿತ ಮಾಡುತ್ತಾ. ಆದರೆ ಆ ಮೇಜಿನ ಬಳಿ ತಪ್ಪು ಮಾಡಿದ್ದು ಒಫೇಲಿಯಾ. ತಿನ್ನಬೇಡ ಎಂದರೂ ಎರಡು ದ್ರಾಕ್ಷಿ ತಿನ್ನುತ್ತಾಳೆ, ಅದರ ಬೆಲೆಯನ್ನು ತೆತ್ತದ್ದು ಎರಡು ಪುಟ್ಟ ಯಕ್ಷಿಣಿಯರು, ತಮ್ಮ ತಲೆ ಕೊಟ್ಟು. ಆ ಎರಡು ದ್ರಾಕ್ಷಿಗಾಗಿ ಫಾನ್ ಅವಳ ಮೇಲೆ ಕೂಗಾಡುವುದು ಥೇಟ್ ಮಿಲಿಟರಿಯವನ ಹಾಗೆ. ಅವನಿಗೂ ಬೇಕಿರುವುದು ವಿಧೇಯತೆಯೇ.

ಮೂರನೆಯ ಪರೀಕ್ಷೆಗೆ ಅವನು ಆಗ ತಾನೇ ಹುಟ್ಟಿದ ಅವಳ ತಮ್ಮನ ರಕ್ತ ಕೇಳುತ್ತಾನೆ. ಒಂದು ತೊಟ್ಟು ಸಾಕು ಎನ್ನುತ್ತಾನೆ. ಒಫೇಲಿಯಾ ಕೊಡುವುದಿಲ್ಲ. ಇದಕ್ಕೂ ಮೊದಲು ಠಾಣೆಯ ವೈದ್ಯ, ಕೇಳದೆ ಯೋಚಿಸದೆ ಆಜ್ಞೆ ಪಾಲಿಸುವುದು ನಿಮ್ಮಂಥವರಿಗೆ ಮಾತ್ರ ಸಾಧ್ಯ ಎಂದು ವಿದಾಲ್‌ಗೆ ಹೇಳಿ ಬೆನ್ನಿಗೆ ಗುಂಡು ತಿಂದಿದ್ದಾನೆ. ವೈದ್ಯ ವಿದಾಲ್‌ಗೆ ಇಲ್ಲ ಎಂದ, ಹುಡುಗಿ ಫಾನ್‌ಗೆ ಇಲ್ಲ ಎಂದಳು. ಇಡೀ ಸಿನಿಮಾದ ಬೆನ್ನೆಲುಬು ಈ ಎರಡು ‘ಇಲ್ಲ’ಗಳು. ಎರಡನೆಯದು ಹೆಚ್ಚು ಕಷ್ಟದ್ದು, ಏಕೆಂದರೆ ಅವಳು ಇಲ್ಲ ಎಂದದ್ದು ಶತ್ರುವಿಗಲ್ಲ. ತನ್ನನ್ನು ರಾಜಕುಮಾರಿ ಎಂದು ಕರೆದ, ತನಗಿದ್ದ ಒಂದೇ ಆಸರೆಗೆ.

ಸಿನಿಮಾ ತೋರಿಸಿದಾಗಲೆಲ್ಲ ವಿದ್ಯಾರ್ಥಿಗಳಲ್ಲಿ ಯಾರಾದರೂ ‘ಸರ್, ಫಾನ್ ಒಳ್ಳೆಯವನೋ ಕೆಟ್ಟವನೋ?’ ಎಂದು ಕೇಳುತ್ತಾರೆ. ಆಗ ನನಗೆ ಅಜ್ಜಿ ನೆನಪಾಗುತ್ತಾಳೆ. ಅವಳ ಮನೆಯ ತೋಟದ ಅಂಚಿನಲ್ಲಿ ಒಂದು ಭೂತದ ಕಲ್ಲಿತ್ತು. ವರ್ಷಕ್ಕೊಮ್ಮೆ ಅದಕ್ಕೆ ಎಡೆ ಇಡುತ್ತಿದ್ದರು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಕೇಳಿದರೆ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅದು ಕಾಯುತ್ತದೆ, ಹರಕೆ ತಪ್ಪಿದರೆ ಕಾಡುತ್ತದೆ, ಹೇಳಿಕೊಳ್ಳುವ ಮೊದಲು ನೂರು ಸಲ ಯೋಚಿಸಬೇಕು. ಅವಳಿಗೆ ಅದರ ಮೇಲೆ ಭಕ್ತಿಯಿತ್ತು, ‘ಪಾಪ’ ಎನ್ನುವಷ್ಟು ಸಲಿಗೆ ಇರಲಿಲ್ಲ. ಮೆಕ್ಸಿಕೋದ ಕ್ಯಾಥೊಲಿಕ್ ಅಜ್ಜಿಯೊಬ್ಬಳ ನೆರಳಲ್ಲಿ ಬೆಳೆದ ಡೆಲ್ ಟೊರೊಗೂ ಈ ಭಯಭಕ್ತಿ ಗೊತ್ತಿತ್ತು. ಮೊಮ್ಮಗನ ರಾಕ್ಷಸಪ್ರೀತಿ ಬಿಡಿಸಲು ಆಕೆ ಪವಿತ್ರ ಜಲ ಚಿಮುಕಿಸಿದ್ದನ್ನು ಅವನೇ ಹೇಳಿಕೊಂಡಿದ್ದಾನೆ.

ಹಾಗಾದರೆ ಕೆಟ್ಟಿದ್ದು ಎಲ್ಲಿ? ಎಲ್ಲರೂ ಕೊಂಡಾಡಿದ ‘ದಿ ಶೇಪ್ ಆಫ್ ವಾಟರ್’ (2017) ಸಿನಿಮಾದಲ್ಲಿ ಎನ್ನುತ್ತೇನೆ. ವೆನಿಸ್‌ನಲ್ಲಿ ಗೋಲ್ಡನ್ ಲಯನ್, ಆಮೇಲೆ ಶ್ರೇಷ್ಠ ಚಿತ್ರ ಮತ್ತು ಶ್ರೇಷ್ಠ ನಿರ್ದೇಶನ ಸೇರಿ ನಾಲ್ಕು ಆಸ್ಕರ್ ಪಡೆದ ಸಿನಿಮಾ ಅದು. 1962ರ ಬಾಲ್ಟಿಮೋರ್. ಸರ್ಕಾರಿ ಪ್ರಯೋಗಾಲಯದಲ್ಲಿ ನೆಲ ಒರೆಸುವ ಮೂಗಿ ಎಲೈಸಾ, ದಕ್ಷಿಣ ಅಮೆರಿಕದ ನದಿಯಿಂದ ಹಿಡಿದು ತಂದ ಜಲಮಾನವನನ್ನು ಪ್ರೀತಿಸುತ್ತಾಳೆ. ಅವಳಿಗೆ ನೆರವಾಗುವವರು ಒಬ್ಬ ಸಲಿಂಗಿ ಚಿತ್ರಕಾರ, ಒಬ್ಬ ಕಪ್ಪು ಸಹೋದ್ಯೋಗಿ. ಎದುರಿಗೆ ಸ್ಟ್ರಿಕ್‌ಲ್ಯಾಂಡ್ ಎಂಬ ಅಧಿಕಾರಿ, ದನಕ್ಕೆ ಶಾಕ್ ಕೊಡುವ ಕೋಲು ಹಿಡಿದವನು, ಬೆರಳು ಕೊಳೆತವನು, ಜನಾಂಗದ್ವೇಷಿ, ಹೆಣ್ಣುಪೀಡಕ. ಚಂದದ ಹಸಿರು ಬೆಳಕು, ಚಂದದ ಸಂಗೀತ. ನಾನೂ ಕರಗಿದೆ.

ಆದರೆ ಈ ಲೆಕ್ಕದಲ್ಲಿ ಯಾರಿಗಾದರೂ ಯಾವುದಾದರೂ ಪ್ರಶ್ನೆ ಉಳಿದಿದೆಯೇ? ನೊಂದವರೆಲ್ಲ ಒಂದು ಕಡೆ, ಎಲ್ಲ ಕೆಡುಕೂ ಒಬ್ಬನ ಮೇಲೆ. ಸ್ಟ್ರಿಕ್‌ಲ್ಯಾಂಡ್‌ಗೂ ಮೇಲಧಿಕಾರಿಯ ಭಯವಿದೆ ಎಂದು ಒಂದು ದೃಶ್ಯ ತೋರಿಸುತ್ತದೆ ನಿಜ, ಆಮೇಲೆ ಅವನು ಮತ್ತೆ ಮೊದಲಿನ ಬೊಂಬೆಯೇ. ಜಲಮಾನವ ಹಸಿವಿನಲ್ಲಿ ಚಿತ್ರಕಾರನ ಬೆಕ್ಕನ್ನು ತಿನ್ನುತ್ತಾನೆ. ಆ ಒಂದು ಕ್ಷಣ ಹಳೆಯ ಡೆಲ್ ಟೊರೊ ಇಣುಕುತ್ತಾನೆ. ಮರುಕ್ಷಣ ಅದಕ್ಕೆ ಕ್ಷಮೆ ಸಿಗುತ್ತದೆ. ಮೇಲಿಂದ ಜಲಮಾನವನ ಸ್ಪರ್ಶಕ್ಕೆ ಚಿತ್ರಕಾರನ ಬೋಳುತಲೆಯಲ್ಲಿ ಕೂದಲೂ ಹುಟ್ಟುತ್ತದೆ. ಏನನ್ನೂ ಕೇಳದೆ ವರ ಕೊಡುವ, ಹರಕೆಯಿಲ್ಲದ ದೇವರು! ಕೊನೆಯಲ್ಲಿ ಅವನು ಸ್ಟ್ರಿಕ್‌ಲ್ಯಾಂಡ್‌ನ ಕತ್ತು ಸೀಳಿದಾಗ ನಾನು ಕೂತಿದ್ದ ಚಿತ್ರಮಂದಿರದಲ್ಲಿ ಚಪ್ಪಾಳೆ ಬಿತ್ತು. ಹಸಿಂತೊ ತೊಟ್ಟಿಗೆ ಬಿದ್ದಾಗ ಯಾರೂ ಚಪ್ಪಾಳೆ ತಟ್ಟಲಾರರು. ಒಬ್ಬನೇ ನಿರ್ದೇಶಕನ ಎರಡು ಕೊಲೆಗಳ ನಡುವಿನ ದೂರ ಅಷ್ಟು.

‘ಫ್ರಾಂಕೆನ್‌ಸ್ಟೈನ್’ಗೆ ಬಂದರೆ ಈ ದೂರ ಇನ್ನೂ ಸ್ಪಷ್ಟವಾಗುತ್ತದೆ, ಏಕೆಂದರೆ ಹೋಲಿಸಲು ಮೇರಿ ಶೆಲ್ಲಿಯ ಕಾದಂಬರಿ ನಮ್ಮ ಕೈಯಲ್ಲಿದೆ. 1818ರ ಆ ಪುಸ್ತಕದಲ್ಲಿ, ಸೃಷ್ಟಿಸಿದವನೇ ತೊರೆದ ಜೀವಿ ವಿಕ್ಟರ್‌ನ ಪುಟ್ಟ ತಮ್ಮ ವಿಲಿಯಂನನ್ನು ಕತ್ತು ಹಿಸುಕಿ ಕೊಲ್ಲುತ್ತದೆ. ಆ ಆರೋಪ ಜಸ್ಟಿನ್ ಎಂಬ ಕೆಲಸದ ಹುಡುಗಿಯ ಮೇಲೆ ಬರುವಂತೆ ಮಾಡುತ್ತದೆ, ಅವಳಿಗೆ ಗಲ್ಲಾಗುತ್ತದೆ. ಆಮೇಲೆ ವಿಕ್ಟರ್‌ನ ಗೆಳೆಯ ಕ್ಲೆರ್‌ವಲ್, ಮದುವೆಯ ರಾತ್ರಿ ಎಲಿಜಬೆತ್. ಇಷ್ಟೆಲ್ಲ ಮಾಡಿದ ಜೀವಿಯ ಬಾಯಿಗೇ ಶೆಲ್ಲಿ ಪುಸ್ತಕದ ಅತ್ಯಂತ ಮನಕರಗಿಸುವ ಮಾತುಗಳನ್ನು ಕೊಟ್ಟಳು. ಮಗುವನ್ನು ಕೊಂದವನ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ ಎಂದು ಓದುಗರಿಗೆ ಸವಾಲು ಹಾಕಿದಾಗ ಅವಳಿಗೆ ಇಪ್ಪತ್ತರ ಆಸುಪಾಸು.

ಡೆಲ್ ಟೊರೊ ಬಾಲ್ಯದಿಂದ ಈ ಕತೆಯನ್ನು ಎದೆಯಲ್ಲಿಟ್ಟುಕೊಂಡವನು. ಅಂಥವನು ಮಾಡಿದ್ದೇನು? ಜಸ್ಟಿನ್ ಇಲ್ಲ. ಕ್ಲೆರ್‌ವಲ್ ಇಲ್ಲ. ವಿಲಿಯಂ ಬೆಳೆದ ಗಂಡಸು, ಗಲಾಟೆಯ ನಡುವೆ ಜೀವಿಯ ಕೈಯಿಂದ ಪೆಟ್ಟಾಗಿ ಸಾಯುತ್ತಾನೆ. ಎಲಿಜಬೆತ್ ಸಾಯುವುದು ವಿಕ್ಟರ್‌ನ ಗುಂಡಿಗೆ. ಜೀವಿಯ ಕೈಯಲ್ಲಿ ಹಡಗಿನ ನಾವಿಕರು ಸಾಯುತ್ತಾರೆ, ಆದರೆ ಅವರನ್ನು ನಾವು ಅರಿತಿಲ್ಲ, ಅವರಿಗಾಗಿ ಅಳಬೇಕಾಗಿಲ್ಲ. ಸಾಯುತ್ತಿರುವ ವಿಲಿಯಂ ಅಣ್ಣನ ಮುಖ ನೋಡಿ, ರಾಕ್ಷಸ ನೀನೇ ಎಂದೂ ಹೇಳಿಬಿಡುತ್ತಾನೆ. ನಮ್ಮ ಜೇಬಿನಲ್ಲಿದ್ದ ಸಿದ್ಧ ವಾಕ್ಯ ಈಗ ಪಾತ್ರದ ಬಾಯಲ್ಲಿದೆ! ಕೊನೆಗೆ ವಿಕ್ಟರ್ ಕ್ಷಮೆ ಕೇಳುತ್ತಾನೆ, ಜೀವಿ ಕ್ಷಮಿಸುತ್ತದೆ, ಹಿಮದಲ್ಲಿ ಸಿಕ್ಕ ಹಡಗನ್ನು ಬಿಡಿಸಿ ಕಳಿಸಿ ಸೂರ್ಯನತ್ತ ಮುಖ ಮಾಡುತ್ತದೆ. ನಟ ಜೇಕಬ್ ಎಲೋರ್ಡಿಯ ಕಣ್ಣುಗಳು ಅದ್ಭುತ, ಸೆಟ್ಟು, ಉಡುಪು ಎಲ್ಲ ಬೆರಗು ಹುಟ್ಟಿಸುವಂಥವು. ಆದರೆ ಶೆಲ್ಲಿ ಕೇಳಿದ್ದ ಕಷ್ಟದ ಕೆಲಸವೊಂದನ್ನು ಸಿನಿಮಾ ನಮ್ಮ ಪರವಾಗಿ ಮನ್ನಾ ಮಾಡಿಬಿಟ್ಟಿದೆ. ನಿರಪರಾಧಿಗೆ ಕನಿಕರ ತೋರಲು ಯಾರಿಗೆ ಬರುವುದಿಲ್ಲ?

ನನ್ನ ಮಾತಿಗೆ ಒಂದು ಗಟ್ಟಿ ಎದುರುವಾದವಿದೆ. ಲೋಕ ಯಾರನ್ನು ವಿಕಾರ ಎಂದು ದೂಡಿತೋ ಅವರ ಪರ ನಿಲ್ಲುವುದು ಈ ಕಲಾವಿದನ ಬದುಕಿನ ನಿಲುವು. ರಾಕ್ಷಸರೇ ನಮ್ಮ ಅಪೂರ್ಣತೆಯನ್ನು ಕಾಯುವ ಸಂತರು ಎಂಬರ್ಥದ ಮಾತನ್ನು ಅವನು ಪ್ರಶಸ್ತಿ ವೇದಿಕೆಯ ಮೇಲೇ ಆಡಿದ್ದಾನೆ. ದೂಡಲ್ಪಟ್ಟವರಿಗೆ ಪರದೆಯ ಮೇಲೆ ಒಂದಿಷ್ಟು ಪ್ರೀತಿ ಸಿಕ್ಕರೆ ನಿಮಗೇನು ಹೊಟ್ಟೆಯುರಿ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು: ದೂಡಲ್ಪಟ್ಟವರು ಪ್ರೀತಿಗೆ ಅರ್ಹರಾಗಬೇಕಾದರೆ ಮೊದಲು ಸಾಧುಗಳಾಗಬೇಕು ಎಂದು ಷರತ್ತು ಹಾಕುವುದು ಅವರಿಗೆ ಮಾಡುವ ಎರಡನೆಯ ಅನ್ಯಾಯ. ಸಿಟ್ಟು, ಸೇಡು, ಆಸೆ, ತಪ್ಪು ಮಾಡುವ ಹಕ್ಕು ಎಲ್ಲವನ್ನೂ ಕಿತ್ತುಕೊಂಡು ‘ಪಾಪ’ ಎಂದು ತಲೆ ಸವರಿದರೆ ಅವರು ಸಾಕುಪ್ರಾಣಿಗಳಾಗುತ್ತಾರೆ. ಸಾಂತಿ ಸಾಕುಪ್ರಾಣಿಯಾಗಿರಲಿಲ್ಲ. ಅವನಿಗೆ ಒಂದು ಬೇಡಿಕೆಯಿತ್ತು.

ಇನ್ನೂ ಒಂದು ಮಾತಿದೆ, ಅದು ನೋಡುವ ನಮ್ಮ ಕುರಿತದ್ದು. ‘ಶೇಪ್ ಆಫ್ ವಾಟರ್’ ನೋಡಿ ಹೊರಬಂದವರಲ್ಲಿ ತಾನು ಸ್ಟ್ರಿಕ್‌ಲ್ಯಾಂಡ್ ಇರಬಹುದೇ ಎಂದು ಅನುಮಾನಿಸಿದವನನ್ನು ನಾನು ಕಂಡಿಲ್ಲ. ನಾವೆಲ್ಲ ಎಲೈಸಾಗಳು, ನಾವೆಲ್ಲ ಜಲಮಾನವರು. ತಾನು ನೊಂದವರ ಸಾಲಿನಲ್ಲಿದ್ದೇನೆ, ಆದ್ದರಿಂದ ತನ್ನ ಕೈ ಶುದ್ಧ ಎಂಬ ನಂಬಿಕೆಯಷ್ಟು ಅಪಾಯದ ನಂಬಿಕೆ ಇನ್ನೊಂದಿಲ್ಲ. ವಿದಾಲ್ ಕೂಡ ಸ್ವಚ್ಛವಾದ ಹೊಸ ಸ್ಪೇನನ್ನು ಕಟ್ಟುತ್ತಿದ್ದೇನೆ ಎಂದೇ ನಂಬಿದ್ದವನು. ಹಾರರ್ ಎಂಬ ಪ್ರಕಾರಕ್ಕೆ ಒಂದು ಕೆಲಸವಿದ್ದರೆ ಅದು ಈ ನಂಬಿಕೆಯನ್ನು ಅಲುಗಾಡಿಸುವುದು. ಭಯವೆಂದರೆ ಮಂಚದ ಕೆಳಗೆ ಏನೋ ಇದೆ ಎಂಬ ಭಯ ಮಾತ್ರವಲ್ಲ, ಮಂಚದ ಮೇಲಿರುವವನ ಬಗೆಗಿನ ಭಯವೂ ಹೌದು. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಕೊಂಬು ಅಂಟಿಸಿಕೊಂಡ ಪ್ರೇಮಕತೆ.

ಡೆಲ್ ಟೊರೊಗೆ ಇದು ಮರೆತುಹೋಗಿಲ್ಲ. ಅದೇ ನನ್ನ ಸಿಟ್ಟಿಗೆ ಕಾರಣ, ಸಮಾಧಾನಕ್ಕೂ. ‘ನೈಟ್‌ಮೇರ್ ಆ್ಯಲಿ’ (2021) ಸಿನಿಮಾದಲ್ಲಿ ಒಂದೂ ದೆವ್ವವಿಲ್ಲ. ಜಾತ್ರೆಯ ತಂಬುಗಳಲ್ಲಿ ಮನಸ್ಸು ಓದುವ ಆಟ ಕಲಿತು ಮೇಲೇರುವ ಸ್ಟಾಂಟನ್ ಕಾರ್ಲೈಲ್ ಎಂಬ ಮೋಸಗಾರನ ಕತೆ ಅದು. ಮೊದಲಲ್ಲಿ ಅವನು, ಕೋಳಿಯ ಕತ್ತು ಕಚ್ಚಿ ಜನರನ್ನು ರಂಜಿಸುವ ಒಬ್ಬ ಕುಡುಕ ನರಪ್ರಾಣಿಯನ್ನು ಪಂಜರದಲ್ಲಿ ನೋಡುತ್ತಾನೆ. ಕೊನೆಯಲ್ಲಿ ಅದೇ ಕೆಲಸವನ್ನು ಯಾರೋ ಅವನಿಗೆ ಕೊಡಲು ಬರುತ್ತಾರೆ. ಅವನು ನಗುತ್ತಾ ಅಳುತ್ತಾ ಒಪ್ಪಿಕೊಳ್ಳುತ್ತಾನೆ. ಅಲ್ಲಿ ‘ಪಾಪ’ ಎನ್ನಿ ನೋಡೋಣ. ಎರಡೂ ಅರ್ಥ ಒಟ್ಟಿಗೆ ಬರುತ್ತದೆ. ‘ಸ್ಪೈಡರ್‌ಮ್ಯಾನ್’ ಬಿಡುಗಡೆಯಾದ ದಿನವೇ ಬಂದ ಆ ಸಿನಿಮಾವನ್ನು ಚಿತ್ರಮಂದಿರಗಳಲ್ಲಿ ನೋಡಿದವರು ಕಡಿಮೆ. ಮುಸೊಲಿನಿಯ ಇಟಲಿಯಲ್ಲಿ ನಡೆಯುವ ಅವನ ‘ಪಿನೋಕಿಯೊ’ (2022) ಕೂಡ ಹಳೆಯ ದಾರಿಯದೇ. ಅಲ್ಲಿ ಮರದ ಹುಡುಗ ಸತ್ತರೂ ಮತ್ತೆ ಮತ್ತೆ ಎದ್ದುಬರುತ್ತಾನೆ. ಅಪ್ಪನನ್ನು ಉಳಿಸಲು ಹೋಗಬೇಕೆಂದಾಗ ಮಾತ್ರ ಆ ವರವನ್ನೇ ಬಿಟ್ಟುಕೊಡಬೇಕಾಗುತ್ತದೆ. ಹರಕೆ ಇದೆ, ಬೆಲೆ ಇದೆ.

ಹಾಗಾಗಿ ಡೆಲ್ ಟೊರೊ ಮುಗಿದ ಎಂದು ನಾನು ಹೇಳುತ್ತಿಲ್ಲ. ಅವನ ಯಾವ ಸಿನಿಮಾಗಳಿಗೆ ನಾವು ಹೆಚ್ಚು ಕಣ್ಣೀರು, ಹೆಚ್ಚು ಚಪ್ಪಾಳೆ ಕೊಟ್ಟೆವು ಎಂಬುದನ್ನು ಲೆಕ್ಕ ಹಾಕಿ ಎನ್ನುತ್ತಿದ್ದೇನೆ. ನಮಗೆ ಬೇಕಾದ್ದನ್ನೇ ಅವನೂ ಬಡಿಸಿದ. ಹೆದರಿಸದ ರಾಕ್ಷಸನನ್ನು ಕೇಳಿದವರು ನಾವು.

ಆ ಹುಡುಗಿಗೆ ಅಂದು ಉತ್ತರ ಕೊಡಲಿಲ್ಲ, ತಲೆಯಾಡಿಸಿ ಸುಮ್ಮನಾದೆ. ಮುಂದಿನ ವಾರ ಶೆಲ್ಲಿಯ ಕಾದಂಬರಿಯನ್ನು ಅವಳ ಕೈಗಿಟ್ಟೆ. ಹತ್ತು ದಿನ ಬಿಟ್ಟು ಫೋನು ಮಾಡಿದಳು. ‘ಸರ್, ಆ ಚಿಕ್ಕ ಮಗುವನ್ನು ಅವನೇ ಕೊಲ್ಲುತ್ತಾನಲ್ಲ,’ ಎಂದಳು. ‘ಹೌದು,’ ಎಂದೆ. ತುಸು ಹೊತ್ತು ಮಾತಿಲ್ಲ. ‘ಆದರೂ ಪಾಪ ಅನ್ನಿಸುತ್ತೆ ಸರ್. ಹಾಗೆ ಅನ್ನಿಸೋದಕ್ಕೇ ಈಗ ಹೆದರಿಕೆ ಆಗ್ತಿದೆ,’ ಎಂದಳು.

ಆ ಹೆದರಿಕೆಯನ್ನು ಬಿಡಬೇಡ ಎಂದೆ.